ಸಹಾಯ ಬೇಕು: ಟಿಕಿಂಟರ್ ರೈಟ್ ಕ್ಲಿಕ್ ಮೆನು ಉಬುಂಟುವಿನಲ್ಲಿ ಮುಚ್ಚುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಪ್ಪನ ದಿನಸಿ ಅಂಗಡಿಗೆ ಪೈಥಾನ್‌ನಲ್ಲಿ, ವಿಂಡೋ, ಬಟನ್, ಮೆನು ಮಾಡುವ ಅದರ ಟಿಕಿಂಟರ್ ಲೈಬ್ರರಿ ಬಳಸಿ ಸಣ್ಣ ಬಿಲ್ಲಿಂಗ್ ಆ್ಯಪ್ ಬರೆಯುತ್ತಿದ್ದೇನೆ. ಸಾಮಾನಿನ ಪಟ್ಟಿ ಟ್ರೀವ್ಯೂನಲ್ಲಿದೆ (ಸಾಲು ಸಾಲಾಗಿ ಪಟ್ಟಿ ತೋರಿಸುವ ಟಿಕಿಂಟರ್ ಭಾಗ). ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ತೂಕ ಬದಲಿಸು’, ‘ಸಾಲದ ಖಾತೆಗೆ ಹಾಕು’, ‘ತೆಗೆದುಹಾಕು’ ಅಂತ ನಾನೇ ಮಾಡಿದ ಮೆನು ಬರಬೇಕು.

ಮೊದಲು ಬೇರೆಯೇ ತೊಂದರೆ ಇತ್ತು. ತೊಗರಿಬೇಳೆ ಮೇಲೆ ರೈಟ್ ಕ್ಲಿಕ್ ಮಾಡಿ ‘ತೆಗೆದುಹಾಕು’ ಒತ್ತಿದರೆ, ಮುಂಚೆ ಆಯ್ಕೆಯಾಗಿದ್ದ ಸಕ್ಕರೆ ಮಾಯವಾಗುತ್ತಿತ್ತು, ಯಾಕಂದ್ರೆ ರೈಟ್ ಕ್ಲಿಕ್ ತಾನಾಗಿ ಸಾಲನ್ನು ಆರಿಸುವುದಿಲ್ಲ. ‘ಐಡೆಂಟಿಫೈ ರೋ’ ಫಂಕ್ಷನ್‌ಗೆ ಮೌಸ್‌ನ ವೈ ಬೆಲೆ (ಮೇಲಿನಿಂದ ಎಷ್ಟು ಕೆಳಗಿದೆ ಅನ್ನೋದು) ಕೊಟ್ಟು ಸಾಲು ಹುಡುಕಿ, ಅದನ್ನೇ ಸೆಲೆಕ್ಟ್ ಮಾಡಿಸಿದ ಮೇಲೆ ಸರಿಹೋಯಿತು.

ಈಗಿನ ಸಮಸ್ಯೆ ಇದು. ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಚೆನ್ನಾಗಿದೆ, ಆದರೆ ಅಂಗಡಿಯ ಹಳೆ ಕಂಪ್ಯೂಟರ್‌ನಲ್ಲಿರುವ ಉಬುಂಟು ಲಿನಕ್ಸ್‌ನಲ್ಲಿ ಮೆನುವಿನ ಹೊರಗೆ ಎಲ್ಲಿ ಕ್ಲಿಕ್ ಮಾಡಿದರೂ ಮೆನು ಮುಚ್ಚುವುದೇ ಇಲ್ಲ, ಬಿಲ್ ಮೇಲೆ ಹಾಗೇ ಕೂತಿರುತ್ತದೆ. ಗಿರಾಕಿ ಎದುರಿಗೆ ನಿಂತಾಗ ಅಪ್ಪ ಗಾಬರಿಯಾಗುತ್ತಾರೆ. ಮೆನು ತೆರೆಯಲು ಟಿಕೆ ಪಾಪಪ್ ಬಳಸಿದ್ದೇನೆ, ಮೆನು ಕಿತ್ತು ಬೇರೆ ವಿಂಡೋ ಆಗದಂತೆ ಟೇರ್‌ಆಫ್ 0 ಇಟ್ಟಿದ್ದೇನೆ, ಕೊನೆಗೆ ತಪ್ಪದೆ ಓಡುವ ‘ಫೈನಲಿ’ ಭಾಗದಲ್ಲಿ ಗ್ರ್ಯಾಬ್ ರಿಲೀಸ್ (ಮೌಸ್ ಮೇಲಿನ ಮೆನುವಿನ ಹಿಡಿತ ಬಿಡಿಸುವುದು) ಇದೆ. ಈ ಗ್ರ್ಯಾಬ್ ರಿಲೀಸ್ ಮೇಲೇ ನನಗೆ ಅನುಮಾನ, ಲಿನಕ್ಸ್‌ನಲ್ಲಿ ಮೆನು ತೆರೆದ ತಕ್ಷಣ ಗ್ರ್ಯಾಬ್ ಬಿಟ್ಟುಹೋಗುತ್ತಿದೆ ಅಲ್ವಾ? ಅದನ್ನು ತೆಗೆದರೆ ಸಾಕಾ, ಅಥವಾ ಫೋಕಸ್ ಔಟ್‌ಗೆ (ಮೆನುವಿನಿಂದ ಫೋಕಸ್ ಹೋದಾಗ) ಮೆನು ಮುಚ್ಚುವ ಅನ್‌ಪೋಸ್ಟ್ ಬೈಂಡ್ ಮಾಡಬೇಕಾ? ಲಿನಕ್ಸ್‌ನಲ್ಲಿ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.