ಮಲ್ಪೆಯಲ್ಲಿ ಸಿಕ್ಕಿದ ಕಡಲಹಕ್ಕಿ ಎಲ್ಲಿಯದು? ಕಾಲಲ್ಲಿ ರಿಂಗ್ ಇರಲಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಕಳೆದ ಜುಲೈನಲ್ಲಿ ಮೂರು ದಿನ ಬಿಡದೆ ಗಾಳಿಮಳೆ ಹೊಡೆದ ಮೇಲೆ ಮಲ್ಪೆ ಹತ್ತಿರ ಮರಳಲ್ಲಿ ಒಂದು ಹಕ್ಕಿ ಕೂತಿತ್ತು. ಬೆನ್ನು ಕಪ್ಪು, ಹೊಟ್ಟೆ ಮತ್ತು ಹಣೆ ಬಿಳಿ, ಬಾಲ ಕತ್ತರಿ ಹಾಗೆ. ಹತ್ತಿರ ಹೋದರೂ ಹಾರಲಿಲ್ಲ. ಸಂಜೆಗೆ ಸತ್ತೇ ಹೋಯಿತು, ಆ ಬೇಜಾರು ಇನ್ನೂ ಹೋಗಿಲ್ಲ. ಕಾಲಲ್ಲಿ ಗುರುತಿಗೆ ಹಾಕುವ ನಂಬರಿನ ರಿಂಗ್ ಇದೆಯಾ ಅಂತ ನೋಡಿದೆ, ಇರಲಿಲ್ಲ. ಇವು ಎಲ್ಲಿಂದ ಬರುತ್ತವೆ? ದೂರದ ದ್ವೀಪಗಳಲ್ಲಿ ಇವನ್ನು ಎಣಿಸಿ ರಿಂಗ್ ಹಾಕುತ್ತಾರಂತೆ, ಲಕ್ಷಗಟ್ಟಲೆ ಹಕ್ಕಿಗಳನ್ನು ಎಣಿಸೋದು ಹೇಗೆ?

ಉತ್ತರ 1:
ಫೋಟೊ ಇದ್ದರೆ ಹಣೆ ನೋಡಿ. ಬಿಳಿ ಬಣ್ಣ ಕಣ್ಣಿನ ಹತ್ತಿರ ನಿಂತಿದ್ದರೆ ಸೂಟಿ ಟರ್ನ್, ಕಣ್ಣು ದಾಟಿ ಹಿಂದಕ್ಕೆ ಎಳೆದಿದ್ದರೆ ಬ್ರೈಡಲ್ಡ್ ಟರ್ನ್. ಎರಡೂ ರೀವ (ಟರ್ನ್) ಅನ್ನುವ ಕಡಲಹಕ್ಕಿ ಜಾತಿಯವೇ. ಬ್ರೈಡಲ್ಡ್ ಆದರೆ ಮಹಾರಾಷ್ಟ್ರ ಕರಾವಳಿಯ ವೆಂಗುರ್ಲಾ ಬಂಡೆಗಳಲ್ಲೇ ಗೂಡು ಮಾಡುತ್ತದೆ, ದೂರವಲ್ಲ. ಸೂಟಿ ಆದರೆ ನಮಗೆ ಹತ್ತಿರದ ಜಾಗ ಲಕ್ಷದ್ವೀಪದ ಪಿಟ್ಟಿ. ಕವರತ್ತಿಯಿಂದ ಆಚೆ ಸುಮಾರು 1.2 ಹೆಕ್ಟೇರಿನ ಮರಳುದಿಬ್ಬ ಅಷ್ಟೇ, ಮನೆ ಇಲ್ಲ, ಮರ ಇಲ್ಲ. ಮಾಲ್ಡೀವ್ಸ್, ಸೆಶೆಲ್ಸ್ ಕಡೆಯದೂ ಆಗಿರಬಹುದು. ರಿಂಗ್ ಇಲ್ಲದೆ ಇಷ್ಟೇ ಹೇಳೋಕೆ ಆಗೋದು.

ಉತ್ತರ 2:
ನಾನು ಸೆಶೆಲ್ಸ್‌ನ ಒಂದು ದ್ವೀಪದಲ್ಲಿ ಒಂದು ಸೀಸನ್ ಈ ಕೆಲಸಕ್ಕೆ ಹೋಗಿದ್ದೆ. ಅಲ್ಲಿ ಆಗ ಸೂಟಿ ಟರ್ನ್ ಮೊಟ್ಟೆಯನ್ನು ಜನ ತಿನ್ನುತ್ತಿದ್ದರು, ಅದಕ್ಕೇ ಲೆಕ್ಕ ತುಂಬಾ ಮುಖ್ಯವಾಗಿತ್ತು. ಹಾರುವ ಹಕ್ಕಿಯನ್ನು ಎಣಿಸೋಕೆ ಹೋದರೆ ತಲೆ ಕೆಡುತ್ತದೆ. ಒಂದು ಜೋಡಿ ಒಂದೇ ಮೊಟ್ಟೆ ಇಡೋದು, ಹಾಗಾಗಿ ಅಲ್ಲಲ್ಲಿ ಅಳತೆಯ ಚೌಕ ಗುರುತಿಸಿ ಅದರೊಳಗಿನ ಮೊಟ್ಟೆ ಎಣಿಸಿ, ಇಡೀ ಗೂಡುನೆಲದ ವಿಸ್ತೀರ್ಣಕ್ಕೆ ಲೆಕ್ಕ ಹಾಕುತ್ತೇವೆ. ಬೆಳಗ್ಗೆ ಬೇಗ ಅಥವಾ ಸಂಜೆ ಮಾತ್ರ. ನಡು ಮಧ್ಯಾಹ್ನ ತಾಯಿ ಎದ್ದು ಹೋದರೆ ಬರೀ ನೆಲದ ಮೇಲಿರುವ ಮೊಟ್ಟೆ ಬಿಸಿಲಿಗೆ ಕೆಟ್ಟೇ ಹೋಗುತ್ತದೆ.

ರಿಂಗ್ ಹಾಕುವಾಗ ಹಕ್ಕಿಯ ಕುತ್ತಿಗೆ ತೋರುಬೆರಳು, ನಡುಬೆರಳಿನ ನಡುವೆ ಬರಬೇಕು, ಬೆನ್ನು ಅಂಗೈಗೆ ಒರಗಬೇಕು. ಎದೆ ಡವಡವ ಹೊಡೆದುಕೊಳ್ಳೋದು ಬೆರಳಿಗೇ ಗೊತ್ತಾಗುತ್ತದೆ. ಇಕ್ಕಳದಿಂದ ರಿಂಗ್ ಒತ್ತಿದ ಮೇಲೆ ತುದಿಗಳ ನಡುವೆ ಉಗುರು ಕೂಡ ತೂರಬಾರದು, ಆದರೆ ರಿಂಗ್ ಕಾಲಲ್ಲಿ ಸಲೀಸಾಗಿ ತಿರುಗಬೇಕು. ಅಲ್ಯೂಮಿನಿಯಂ ಉಪ್ಪುನೀರಿಗೆ ಸವೆದು ನಂಬರೇ ಅಳಿಸಿಹೋಗುತ್ತದೆ, ಅದಕ್ಕೆ ಉಕ್ಕಿನ ರಿಂಗೇ ಬೇಕು. ಈ ಹಕ್ಕಿ 30 ವರ್ಷಕ್ಕೂ ಜಾಸ್ತಿ ಬದುಕುತ್ತದೆ, ರಿಂಗ್ ಅಷ್ಟು ಕಾಲ ಬಾಳಬೇಕಲ್ವಾ? ಅಮೆರಿಕದ ಫ್ಲೋರಿಡಾದ ಡ್ರೈ ಟೊರ್ಟುಗಾಸ್ ದ್ವೀಪಗಳ ಮರಿಗಳು ಅಟ್ಲಾಂಟಿಕ್ ದಾಟಿ ಪಶ್ಚಿಮ ಆಫ್ರಿಕಾದ ತನಕ ಹೋಗುತ್ತವೆ ಅಂತ ತಿಳಿದದ್ದೂ ರಿಂಗಿನಿಂದಲೇ. ಎಣಿಕೆಯಿಂದ ಅದು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಉತ್ತರ 3:
ಮುಂದಿನ ಸಲ ಸಿಕ್ಕರೆ ದಯವಿಟ್ಟು ವಾಪಸ್ ನೀರಿಗೆ ಬಿಡಬೇಡಿ. ಸೂಟಿ ಟರ್ನ್ ಗರಿ ಬೇಗ ನೆನೆಯುತ್ತದೆ, ಬಾತುಕೋಳಿ ಥರ ತೇಲೋಕೆ ಆಗಲ್ಲ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಒಣ ಬಟ್ಟೆ ಹಾಸಿ, ಕತ್ತಲಲ್ಲಿಟ್ಟು, ಅರಣ್ಯ ಇಲಾಖೆಗೆ ಫೋನ್ ಮಾಡಿ. ಬಾಯಿಗೆ ನೀರು ಹುಯ್ಯಬೇಡಿ. ರಿಂಗ್ ಇದ್ದರೆ ಬಿಚ್ಚಬೇಡಿ, ಅಕ್ಷರ, ನಂಬರ್ ಎರಡೂ ಕಾಣುವಂತೆ ಫೋಟೊ ತೆಗೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ (ನಮ್ಮ ದೇಶದಲ್ಲಿ ಹಕ್ಕಿಗಳಿಗೆ ರಿಂಗ್ ಹಾಕುವ ಸಂಸ್ಥೆ) ಕಳಿಸಿ. ಹಕ್ಕಿ ಸತ್ತಿದ್ದರೂ ಫೋಟೊ ಕಳಿಸಿ.

ಪ್ರಶ್ನೆ ಕೇಳಿದವರು:
ಫೋಟೊ ದೊಡ್ಡದು ಮಾಡಿ ನೋಡಿದೆ, ಬಿಳಿ ಕಣ್ಣಿನ ಹತ್ತಿರವೇ ನಿಂತಿದೆ. ಹಾಗಾದರೆ ಸೂಟಿ ಟರ್ನ್. ಅವತ್ತು ನಾನು ಬಾಟಲಿಯಿಂದ ನೀರು ಕುಡಿಸಿದ್ದೆ, ತಪ್ಪು ಅಂತ ಗೊತ್ತಿರಲಿಲ್ಲ. ಈ ಮಳೆಗಾಲಕ್ಕೆ ಡಬ್ಬ, ಬಟ್ಟೆ ಎರಡೂ ಸ್ಕೂಟರಿನಲ್ಲೇ ಇಟ್ಟಿರುತ್ತೇನೆ.