ಮುದುಡಿಕೊಂಡಿರುವ ಮಗಳನ್ನು ಬೇಸಿಗೆ ಶಿಬಿರಕ್ಕೆ ಕಳುಹಿಸಬಹುದೇ? ಒಬ್ಬ ತಾಯಿಯ ಪ್ರಶ್ನೆಗೆ ಬಂದ ಅನುಭವಗಳು

ಪ್ರಶ್ನೆ

ನನ್ನ ಮಗಳಿಗೆ ಈಗ 15 ವರ್ಷ. ಜೊತೆಯಲ್ಲೇ ಬೆಳೆದ ಗೆಳತಿಯರ ಗುಂಪು ಕಳೆದ ವರ್ಷ ಅವಳನ್ನು ಹೊರಗಿಟ್ಟಿತು. ಅಂದಿನಿಂದ ಶಾಲೆಗೆ ಹೋಗಲು ಹಿಂದೇಟು ಹಾಕುತ್ತಾಳೆ, ಸಣ್ಣ ಮಾತಿಗೂ ಸಿಡುಕುತ್ತಾಳೆ, ಉಳಿದ ಹೊತ್ತು ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲ್ ನೋಡುತ್ತಿರುತ್ತಾಳೆ. ವಾರಕ್ಕೊಮ್ಮೆ ಆಪ್ತ ಸಮಾಲೋಚಕರನ್ನು ಕಾಣುತ್ತಿದ್ದೇವೆ. ರಜೆಯಲ್ಲಿ ಮೂರು ವಾರಗಳ ವಸತಿ ಶಿಬಿರಕ್ಕೆ ಕಳುಹಿಸಿದರೆ ಹೊಸ ಸ್ನೇಹ ಸಿಕ್ಕಿ ಮನಸ್ಸು ಹಗುರಾದೀತು ಎಂದು ಬಂಧುಗಳು ಹೇಳುತ್ತಿದ್ದಾರೆ. ನಾವು ವಿಚಾರಿಸಿದ ಶಿಬಿರಗಳಲ್ಲಿ ಒಂದು ಎಲ್ಲ ಮಕ್ಕಳಿಗೂ ತೆರೆದಿದೆ, ಇನ್ನೊಂದು ದಾರಿ ತಪ್ಪಿದ ಹದಿಹರೆಯದವರಿಗಾಗಿಯೇ ಇದೆ. ಯಾವುದನ್ನು ಆರಿಸಬೇಕು, ಏನನ್ನು ಕೇಳಿ ತಿಳಿದುಕೊಳ್ಳಬೇಕು, ಅವಳು ಬೇಡವೆಂದರೆ ಒತ್ತಾಯಿಸಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಹಲವು ಬೇಸಿಗೆಗಳಲ್ಲಿ ಶಿಬಿರದ ಮಾರ್ಗದರ್ಶಕಿಯಾಗಿ ದುಡಿದವರು

ಸ್ನೇಹ ಸಿಗುತ್ತದೆಯೇ ಎಂಬುದಕ್ಕೆ ನನ್ನ ಉತ್ತರ, ಬಹುಮಟ್ಟಿಗೆ ಸಿಗುತ್ತದೆ ಎಂಬುದೇ. ಅದಕ್ಕೆ ಮುಖ್ಯ ಕಾರಣ ಶಿಬಿರದ ಕಾಡು ಕೆರೆಗಳಲ್ಲ, ಚಟುವಟಿಕೆಗಳ ಪಟ್ಟಿಯೂ ಅಲ್ಲ, ಮಕ್ಕಳು ಅಲ್ಲಿ ಒಟ್ಟಿಗೆ ಕಳೆಯುವ ಹೊತ್ತು. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಯವು ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ, ಆಪ್ತ ಸ್ನೇಹವಾಗಲು 200 ಗಂಟೆಗೂ ಹೆಚ್ಚು ಕಾಲ ಜೊತೆಯಲ್ಲಿ ಕಳೆಯಬೇಕಾಗುತ್ತದೆ. ಅವರು ವಿಚಾರಿಸಿದ್ದು ಹೊಸ ಊರಿಗೆ ಬಂದ ವಯಸ್ಕರನ್ನು ಮತ್ತು ಕಾಲೇಜಿಗೆ ಹೊಸದಾಗಿ ಸೇರಿದವರನ್ನು; ಆದರೂ ಆ ಲೆಕ್ಕವನ್ನು ಓದಿದಾಗ ಶಿಬಿರದಲ್ಲಿ ನಾನು ಕಣ್ಣಾರೆ ಕಂಡದ್ದಕ್ಕೆ ಒಂದು ಅರ್ಥ ಸಿಕ್ಕಿತು. ಶಾಲೆಯಲ್ಲಿ ಇಬ್ಬರು ಪಕ್ಕದಲ್ಲಿ ಕುಳಿತರೂ ಪಾಠದ ನಡುವೆ ಮಾತಾಡಲು ಸಿಗುವುದು ಚೂರುಪಾರು ಹೊತ್ತು. ಶಿಬಿರದಲ್ಲಿ ಏಳುವುದು, ಉಣ್ಣುವುದು, ದಾರಿ ತಪ್ಪಿ ಸುತ್ತಿ ಬಳಸಿ ಬರುವುದು, ಮಳೆಗೆ ಸಿಕ್ಕಿ ತೋಯುವುದು ಎಲ್ಲವೂ ಒಟ್ಟಿಗೇ ಆದ್ದರಿಂದ, ಒಂದು ವರ್ಷದಲ್ಲಿ ಆಗುವ ಒಡನಾಟ ಕೆಲವೇ ದಿನಗಳಲ್ಲಿ ಆಗಿಬಿಡುತ್ತದೆ.

ಆದರೆ ಆ ಒಡನಾಟ ಹುಟ್ಟುವ ಜಾಗ ಮಾತ್ರ ಪೋಷಕರು ಊಹಿಸುವಂಥದ್ದಲ್ಲ. ನಾನು ನೋಡಿಕೊಳ್ಳುತ್ತಿದ್ದ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು. ಸಂಜೆ ಎಲ್ಲರೂ ವೃತ್ತವಾಗಿ ಕುಳಿತು ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುವ ಹೊತ್ತಿನಲ್ಲಿ, ತನ್ನ ಸರದಿ ಬಂದಾಗಲೆಲ್ಲ ತಲೆಯಾಡಿಸಿ ಪಕ್ಕದವಳಿಗೆ ದಾಟಿಸಿಬಿಡುತ್ತಿದ್ದಳು. ಅದೇ ಹುಡುಗಿ ಒಂದು ದಿನ ಪಾತ್ರೆ ತೊಳೆಯುವ ಪಾಳಿಯಲ್ಲಿ, ಮೊಣಕೈವರೆಗೆ ನೊರೆ ಮೆತ್ತಿಕೊಂಡು ತಟ್ಟೆ ಉಜ್ಜುತ್ತ, ಪಕ್ಕದಲ್ಲಿ ಒರೆಸುತ್ತಿದ್ದವಳ ಕಡೆ ತಿರುಗಿಯೂ ನೋಡದೆ, ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಕೇಳಿಸಿಕೊಂಡವಳು ‘ನಮ್ಮ ಮನೆಯಲ್ಲೂ ಹೀಗೇ ಆಗಿತ್ತು’ ಎಂದಷ್ಟೇ ಹೇಳಿ ಮುಂದಿನ ತಟ್ಟೆಗೆ ಕೈ ಚಾಚಿದಳು. ಅಲ್ಲಿಂದ ಮುಂದೆ ಆ ಇಬ್ಬರು ಬೇರೆ ಬೇರೆ ಕೂತದ್ದನ್ನು ನಾನು ನೋಡಲಿಲ್ಲ. ಎದುರುಬದುರು ಕೂರಿಸಿ ಕೇಳಿದರೆ ಬಾಯಿ ಬಿಡದ ಮಕ್ಕಳು, ಕೈಗೆ ಕೆಲಸವಿದ್ದು ಕಣ್ಣು ಆ ಕೆಲಸದ ಮೇಲಿದ್ದಾಗ ತಾವಾಗಿಯೇ ಮಾತಾಡುತ್ತಾರೆ. ಆದ್ದರಿಂದ ಶಿಬಿರದಲ್ಲಿ ಮಕ್ಕಳು ತಾವೇ ಮಾಡಬೇಕಾದ ನಿತ್ಯದ ಕೆಲಸ ಏನೇನಿದೆ ಎಂದು ವಿಚಾರಿಸಿ.

ಇನ್ನೊಂದು ವಿಷಯ ಸ್ಪರ್ಧೆಯದು. 1954ರ ಬೇಸಿಗೆಯಲ್ಲಿ ಮನೋವಿಜ್ಞಾನಿ ಮುಜಫರ್ ಶೆರಿಫ್ ಮತ್ತು ಅವರ ಸಂಗಡಿಗರು ಅಮೆರಿಕದ ಓಕ್ಲಹೋಮದ ರಾಬರ್ಸ್ ಕೇವ್ ಎಂಬಲ್ಲಿ 22 ಹುಡುಗರ ಶಿಬಿರವೊಂದನ್ನು ಪ್ರಯೋಗಕ್ಕಾಗಿಯೇ ನಡೆಸಿದರು. ಎರಡು ತಂಡ ಮಾಡಿ ಬಹುಮಾನಕ್ಕಾಗಿ ಪೈಪೋಟಿ ಹಚ್ಚಿದ ಕೂಡಲೇ ಬೈದಾಟ ಶುರುವಾಯಿತು, ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟರು. ಮತ್ತೆ ಒಂದಾಗಲಿ ಎಂದು ಎಲ್ಲರನ್ನೂ ಒಟ್ಟಿಗೆ ಊಟಕ್ಕೆ ಕೂರಿಸಿದರೆ, ಸಿನಿಮಾ ತೋರಿಸಿದರೆ ಜಗಳ ಇಳಿಯಲಿಲ್ಲ. ಶಿಬಿರದ ನೀರು ನಿಂತುಹೋದಾಗ ಅದನ್ನು ಸರಿಪಡಿಸಲು, ಕೆಟ್ಟು ನಿಂತ ಟ್ರಕ್ಕನ್ನು ಹಗ್ಗ ಕಟ್ಟಿ ಎಳೆಯಲು ಎಲ್ಲರೂ ಕೈ ಜೋಡಿಸಬೇಕಾಗಿ ಬಂದ ಮೇಲೆಯೇ ಹಗೆ ಕರಗುತ್ತ ಬಂತು. ಮಕ್ಕಳ ಅರಿವಿಗೆ ಬಾರದಂತೆ ಅವರನ್ನು ಹೀಗೆ ಪ್ರಯೋಗಕ್ಕೆ ಒಡ್ಡಿದ್ದನ್ನು ನಾನು ಒಪ್ಪುವುದಿಲ್ಲ, ಇಂದು ಯಾರೂ ಒಪ್ಪಬಾರದು. ಆದರೂ ಗುಂಪಿನಿಂದ ಹೊರಗೆ ಬಿದ್ದು ನೊಂದಿರುವ ನಿಮ್ಮ ಮಗಳಿಗೆ, ದಿನವಿಡೀ ಅಂಕ, ತಂಡ, ಗೆಲುವು, ಸೋಲು ಎಂದು ನಡೆಯುವ ಶಿಬಿರ ಹೊಂದುವುದಿಲ್ಲ ಎಂಬುದನ್ನು ಅದರಿಂದ ತಿಳಿಯಬಹುದು.

ಹದಿಹರೆಯದವರೊಂದಿಗೆ ಕೆಲಸ ಮಾಡುವ ಆಪ್ತ ಸಮಾಲೋಚಕರು

ಎರಡು ಶಿಬಿರಗಳ ನಡುವೆ ನಿಮ್ಮ ಆಯ್ಕೆಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ: ಎಲ್ಲರಿಗೂ ತೆರೆದಿರುವ ಶಿಬಿರವನ್ನೇ ಆರಿಸಿ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಕೇಂಬ್ರಿಡ್ಜ್–ಸೊಮರ್ವಿಲ್ ಯುವ ಅಧ್ಯಯನ ಆರಂಭವಾಯಿತು. ದಾರಿ ತಪ್ಪಬಹುದೆಂದು ಭಾವಿಸಲಾದವರೂ ಸೇರಿದಂತೆ ಆಯ್ದ ಹುಡುಗರಲ್ಲಿ ಅರ್ಧದಷ್ಟು ಮಂದಿಗೆ ಸಲಹೆಗಾರರು, ಪಾಠದ ನೆರವು, ವೈದ್ಯಕೀಯ ನೆರವು, ಬೇಸಿಗೆ ಶಿಬಿರ ಎಲ್ಲವನ್ನೂ ಒದಗಿಸಿ, ಉಳಿದರ್ಧವನ್ನು ಹೋಲಿಕೆಗಾಗಿ ಹಾಗೆಯೇ ಬಿಡಲಾಯಿತು. ದಶಕಗಳ ನಂತರ ಸಂಶೋಧಕಿ ಜೋನ್ ಮೆಕಾರ್ಡ್ ಅವರು ಆ ಹುಡುಗರ ಬದುಕನ್ನು ಹುಡುಕಿ ನೋಡಿದಾಗ, ನೆರವು ಪಡೆದವರ ಸ್ಥಿತಿ ಪಡೆಯದವರಿಗಿಂತ ಉತ್ತಮವಾಗಿರಲಿಲ್ಲ. ಕೆಲವು ವಿಷಯಗಳಲ್ಲಿ ಕೆಟ್ಟದಾಗಿಯೇ ಇತ್ತು. ಒಂದಕ್ಕಿಂತ ಹೆಚ್ಚು ಬಾರಿ ಬೇಸಿಗೆ ಶಿಬಿರಕ್ಕೆ ಹೋಗಿಬಂದ ಹುಡುಗರಲ್ಲಿ ಈ ಕೆಡುಕು ಎದ್ದು ಕಾಣುತ್ತಿತ್ತು. 1999ರಲ್ಲಿ ಥಾಮಸ್ ಡಿಶನ್, ಮೆಕಾರ್ಡ್ ಮತ್ತು ಫ್ರಾಂಸ್ವಾ ಪೂಲಾಂ ಒಟ್ಟಾಗಿ ಇದರ ಕಾರಣವನ್ನು ಚರ್ಚಿಸಿದರು. ನಿಯಮ ಮುರಿದ ಕಥೆಯನ್ನು ಒಬ್ಬ ಹೇಳಿದಾಗ ಸುತ್ತಲಿನವರು ನಕ್ಕು ಮೆಚ್ಚಿದರೆ, ಆ ನಗುವೇ ಅವನಿಗೆ ಶಭಾಷ್‌ಗಿರಿಯಾಗುತ್ತದೆ, ಮುಂದಿನ ಕಥೆ ಇನ್ನಷ್ಟು ಬೆಳೆಯುತ್ತದೆ. ಒಂದೇ ಬಗೆಯ ನಡವಳಿಕೆಯ ತೊಂದರೆ ಇರುವವರನ್ನೇ ಒಂದೆಡೆ ಸೇರಿಸಿದಾಗ, ಹಾಗೆ ನಗದೆ ಸುಮ್ಮನಿರಬಲ್ಲ ಮಕ್ಕಳು ಅಲ್ಲಿ ಇರುವುದೇ ಇಲ್ಲ.

ಇದನ್ನು ಒಂದೇ ನೋವಿನ ಮಕ್ಕಳು ಸೇರುವ ಶಿಬಿರಗಳೊಂದಿಗೆ ಬೆರೆಸಬಾರದು. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಕ್ಕಳು, ಗಂಭೀರ ಕಾಯಿಲೆಯ ಮಕ್ಕಳು ತಮ್ಮಂಥವರ ನಡುವೆ ಇರುವುದು ದೊಡ್ಡ ಸಮಾಧಾನ. ನಟ ಪಾಲ್ ನ್ಯೂಮನ್ ಅವರು 1988ರಲ್ಲಿ ಕನೆಕ್ಟಿಕಟ್‌ನಲ್ಲಿ ಕಾಯಿಲೆಯ ಮಕ್ಕಳಿಗಾಗಿ ಆರಂಭಿಸಿದ ಹೋಲ್ ಇನ್ ದ ವಾಲ್ ಗ್ಯಾಂಗ್ ಶಿಬಿರದಂಥ ಕಡೆ, ತಲೆಯಲ್ಲಿ ಕೂದಲಿಲ್ಲದ ಮಗುವಿಗೆ ತಾನು ಬೇರೆಯವಳು ಎಂದೆನಿಸುವ ಸಂದರ್ಭವೇ ಬರುವುದಿಲ್ಲ. ದುಃಖ ಹಂಚಿಕೊಂಡರೆ ಇಳಿಯುತ್ತದೆ, ಪುಂಡಾಟ ಹಂಚಿಕೊಂಡರೆ ಬೆಳೆಯುತ್ತದೆ. ನಿಮ್ಮ ಮಗಳದು ನೋವು, ಅದರಿಂದ ಬಂದ ಸಿಡುಕು. ಅವಳನ್ನು ದಾರಿ ತಪ್ಪಿದವರ ಪಟ್ಟಿಗೆ ಸೇರಿಸುವ ಯಾವ ಕಾರಣವೂ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ.

ಶಿಸ್ತು ಕಲಿಸುತ್ತೇವೆ, ಒರಟುತನ ಇಳಿಸುತ್ತೇವೆ, ಒಪ್ಪದಿದ್ದರೆ ಎತ್ತಿಕೊಂಡು ಹೋಗುತ್ತೇವೆ ಎನ್ನುವವರಿಂದ ದೂರವಿರಿ. ಅಮೆರಿಕದ ಸರ್ಕಾರಿ ಹೊಣೆಗಾರಿಕೆ ಕಚೇರಿ 2007ರಲ್ಲಿ ಇಂಥ ವಸತಿ ಕಾರ್ಯಕ್ರಮಗಳನ್ನು ಪರಿಶೀಲಿಸಿ, ಅಲ್ಲಿ ಸತ್ತ ಹತ್ತು ಹದಿಹರೆಯದವರ ಪ್ರಕರಣಗಳನ್ನು ಸಂಸತ್ತಿನ ಮುಂದಿಟ್ಟಿತು. ನೀರು ಕೇಳಿದ, ಆಗುತ್ತಿಲ್ಲ ಎಂದ ಮಕ್ಕಳನ್ನು ನಾಟಕವಾಡುತ್ತಿದ್ದಾರೆಂದು ಕಡೆಗಣಿಸಿದ ಸಂಗತಿಗಳು ಅದರಲ್ಲಿವೆ. ಇಂಥ ಸಂಸ್ಥೆಗಳಲ್ಲಿ ಮಕ್ಕಳಿಗಾಗುವ ಹಿಂಸೆಯನ್ನು ತಡೆಯಲೆಂದು ಅಲ್ಲಿ ಒಂದು ಕಾಯ್ದೆಗೆ ಅಂಕಿತ ಬಿದ್ದದ್ದು 2024ರ ಡಿಸೆಂಬರ್‌ನಲ್ಲಿ. ಮಗುವಿನೊಂದಿಗೆ ನೀವು ಮಾತಾಡಲು ಬಿಡದ, ನೀವು ಹೇಳದೆ ಬಂದರೆ ಒಳಗೆ ಬಿಡದ ಯಾವ ಶಿಬಿರವೂ ಬೇಡ.

ಶಿಬಿರವನ್ನು ಚಿಕಿತ್ಸೆಯ ಬದಲಿಗೆ ಇಟ್ಟುಕೊಳ್ಳಬೇಡಿ. ಮಗಳು ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ ಅಥವಾ ಬದುಕುವುದು ಬೇಡ ಎಂಬ ಮಾತಾಡಿದ್ದರೆ, ಈ ರಜೆಯಲ್ಲಿ ಶಿಬಿರದ ಯೋಚನೆಯನ್ನೇ ಬಿಟ್ಟು ಮನೋವೈದ್ಯರನ್ನು ಕಾಣಿ. ಔಷಧಿ ನಡೆಯುತ್ತಿದ್ದರೆ ವೈದ್ಯರು ಹೇಳದೆ ನಿಲ್ಲಿಸಬಾರದು. ಅದನ್ನು ಯಾರು ಇಟ್ಟುಕೊಂಡು ಯಾವ ಹೊತ್ತಿಗೆ ಕೊಡುತ್ತಾರೆ ಎಂಬುದನ್ನು ಹೆಸರು ಸಮೇತ ಬರೆಸಿಕೊಳ್ಳಿ. ರಾತ್ರಿ ದೀಪ ಆರಿದ ಮೇಲೆ ಮಕ್ಕಳ ಬಳಿ ಯಾರಿರುತ್ತಾರೆ ಎಂದು ತಪ್ಪದೆ ಕೇಳಿ, ಏಕೆಂದರೆ ಕೀಟಲೆ ಹಿಂಸೆಯಾಗುವುದೂ, ಮನೆ ನೆನೆದು ಅಳು ಬರುವುದೂ ಹೆಚ್ಚಾಗಿ ಆ ಹೊತ್ತಿನಲ್ಲಿ. ನಿಮ್ಮ ಪ್ರಶ್ನೆಗೆ ಅವರು ತಡವರಿಸಿದರೆ ಅದೇ ಉತ್ತರವೆಂದು ತಿಳಿಯಿರಿ.

ಹದಿನಾರರ ವಯಸ್ಸಿನಲ್ಲಿ ಶಿಬಿರಕ್ಕೆ ಹೋಗಿಬಂದವರು

ನಾನು ನಿಮ್ಮ ಮಗಳ ಪರವಾಗಿ ಬರೆಯುತ್ತಿದ್ದೇನೆ ಎಂದುಕೊಳ್ಳಿ. ನನಗೆ ಅಲ್ಲಿ ಸಿಕ್ಕ ದೊಡ್ಡ ವಿಷಯವೆಂದರೆ, ನನ್ನ ಹಳೆಯ ಕಥೆ ಯಾರಿಗೂ ಗೊತ್ತಿರಲಿಲ್ಲ. ಶಾಲೆಯಲ್ಲಿ ನಾನು ಏನು ಮಾಡಿದರೂ ಎಲ್ಲರೂ ಆ ಕಥೆಯ ಮೂಲಕವೇ ನನ್ನನ್ನು ನೋಡುತ್ತಿದ್ದರು. ಶಿಬಿರದಲ್ಲಿ ನಾನು ಗಂಟು ಹಾಕಲು ಬಲ್ಲ, ನಕ್ಷತ್ರಗಳ ಹೆಸರು ಹೇಳಬಲ್ಲ ಒಬ್ಬ ಹುಡುಗ ಮಾತ್ರ. ಗುಡಾರ ಹಾಕುವಾಗ ಕಂಬದ ಇನ್ನೊಂದು ತುದಿ ಹಿಡಿದವನು ‘ಇದು ಹೇಗೆ, ತೋರಿಸು’ ಎಂದು ಕೇಳಿದ. ಬಹಳ ಕಾಲದ ನಂತರ ನನ್ನಿಂದ ಒಬ್ಬರು ಏನನ್ನಾದರೂ ಕಲಿಯಲು ಬಯಸಿದ್ದರು. ಆದ್ದರಿಂದ ಅವಳ ವಿಷಯವನ್ನು ಶಿಬಿರದ ಹೊಣೆ ಹೊತ್ತ ಒಬ್ಬರಿಗೆ ಮಾತ್ರ ತಿಳಿಸಿ, ಅದೂ ಅವಳಿಗೆ ಹೇಳಿ ತಿಳಿಸಿ. ಉಳಿದವರಿಗೆ ಹೇಳಬೇಕೋ ಬೇಡವೋ ಎಂಬುದು ಅವಳಿಗೇ ಬಿಟ್ಟದ್ದು.

ಒತ್ತಾಯ ಬೇಡವೇ ಬೇಡ. ಗೆಳತಿಯರಿಂದ ದೂಡಿಸಿಕೊಂಡವಳಿಗೆ ಮನೆಯವರೂ ತನ್ನನ್ನು ಎಲ್ಲಿಗೋ ಸಾಗಹಾಕಿದರು ಎಂದು ಅನಿಸಬಾರದು. ಶಿಬಿರ ಯಾವುದು, ಎಷ್ಟು ದಿನ, ಯಾವ ಚಟುವಟಿಕೆ ಎಂಬುದನ್ನು ಅವಳೇ ಆರಿಸಲಿ. ಮೂರು ವಾರ ಹೆಚ್ಚೆನಿಸಿದರೆ ಒಂದು ವಾರದ್ದಿರಲಿ, ಹಗಲಿನ ಶಿಬಿರವೂ ಆದೀತು.

ಮೊಬೈಲ್ ಬಗ್ಗೆಯೂ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಯಾಲ್ಡಾ ಉಲ್ಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರದೆಗಳಿಲ್ಲದ ಹೊರಾಂಗಣ ಶಿಬಿರದಲ್ಲಿ ಐದು ದಿನ ಕಳೆದ ಮಕ್ಕಳು ಎದುರಿಗಿರುವವರ ಮುಖಭಾವವನ್ನು ಗುರುತಿಸುವುದರಲ್ಲಿ ಶಾಲೆಯಲ್ಲೇ ಉಳಿದ ಮಕ್ಕಳಿಗಿಂತ ಹೆಚ್ಚು ಸುಧಾರಿಸಿದ್ದರು. ಮೊಬೈಲ್ ಇಲ್ಲದಿರುವುದು ಒಳ್ಳೆಯದೇ. ಆದರೆ ಎಲ್ಲರೂ ಕೈಬಿಟ್ಟ ಮೇಲೆ ಅವಳ ಮಾತು ಕೇಳುವ ಒಬ್ಬ ಸ್ನೇಹಿತೆ ಆ ಮೊಬೈಲ್‌ನಲ್ಲೇ ಇರಬಹುದು. ತಾನು ಇಂತಿಷ್ಟು ದಿನ ಸಿಗುವುದಿಲ್ಲ ಎಂದು ಆ ಸ್ನೇಹಿತೆಗೆ ಮೊದಲೇ ತಿಳಿಸಲು ಅವಳಿಗೆ ಅವಕಾಶ ಕೊಡಿ.

ಮಗನನ್ನು ಕಳುಹಿಸಿದ ತಂದೆಯೊಬ್ಬರು

ಉಳಿದವರು ಹೇಳಿದ್ದಕ್ಕೆ ಎರಡು ವಿಷಯ ಸೇರಿಸುತ್ತೇನೆ. ‘ಬೇಜಾರಾದರೆ ಹೇಳು, ತಕ್ಷಣ ಬಂದು ಕರೆದುಕೊಂಡು ಬರುತ್ತೇನೆ’ ಎಂದು ಮಾತು ಕೊಡಬೇಡಿ. ಮನೆಯ ನೆನಪಿನ ಕೊರಗನ್ನು ಅಧ್ಯಯನ ಮಾಡಿರುವ ಕ್ರಿಸ್ಟೋಫರ್ ಥರ್ಬರ್ ಅವರೂ ಇದನ್ನೇ ಹೇಳುತ್ತಾರೆ. ಹಾಗೆ ಮಾತು ಕೊಟ್ಟರೆ, ನೀನು ನಿಭಾಯಿಸಲಾರೆ ಎಂದು ನಾವೇ ಮೊದಲು ಹೇಳಿದಂತಾಗುತ್ತದೆ. ಅದರ ಬದಲು, ಯಾರಾದರೂ ಹೊಡೆದರೆ, ಮುಟ್ಟಬಾರದಂತೆ ಮುಟ್ಟಿದರೆ, ಹೆದರಿಸಿದರೆ ಯಾರಿಗೆ ಹೇಳಬೇಕು, ಯಾವ ಮಾತು ಹೇಳಿದರೆ ನೀವು ಮರುಪ್ರಶ್ನೆ ಕೇಳದೆ ಹೊರಟು ಬರುತ್ತೀರಿ ಎಂಬುದನ್ನು ಇಬ್ಬರೂ ಕೂತು ಗೊತ್ತುಮಾಡಿಕೊಳ್ಳಿ. ಬೇಸರಕ್ಕೂ ಅಪಾಯಕ್ಕೂ ಇರುವ ಅಂತರ ಅವಳಿಗೆ ಸ್ಪಷ್ಟವಾಗಿರಲಿ.

ಎರಡನೆಯದು ಹಿಂದಿರುಗಿದ ಮೇಲಿನ ದಿನಗಳು. ನನ್ನ ಮಗ ನಗುತ್ತ ಬಂದವನು ಒಂದೆರಡು ದಿನಗಳಲ್ಲೇ ಮೊದಲಿಗಿಂತ ಹೆಚ್ಚು ಮಂಕಾದ. ಶಿಬಿರ ವ್ಯರ್ಥವಾಯಿತೆಂದು ಮನೆಯಲ್ಲಿ ಎಲ್ಲರಿಗೂ ದಿಗಿಲಾಯಿತು. ಅವನ ಸಮಾಲೋಚಕರು ಅದನ್ನು ಅಗಲಿಕೆಯ ದುಃಖವೆಂದು ಗುರುತಿಸಿ, ಕಳೆದುಕೊಳ್ಳಲು ಅವನ ಬಳಿ ಈಗ ಏನೋ ಒಂದಿದೆ ಎಂದು ವಿವರಿಸಿದರು. ಆಮೇಲೆ ಶಿಬಿರದ ಸ್ನೇಹಿತರಿಬ್ಬರ ಮನೆಯವರೊಂದಿಗೆ ಮಾತಾಡಿ, ಹುಡುಗರು ಒಂದು ಇಡೀ ದಿನ ಜೊತೆಗಿರುವಂತೆ ಏರ್ಪಾಡು ಮಾಡಿದೆವು. ಪತ್ರ, ಫೋನು ನಡೆದವು. ಶಾಲೆಯಲ್ಲಿ ಅವನನ್ನು ಕಾಡುತ್ತಿದ್ದವರು ಬದಲಾಗಿರಲಿಲ್ಲ, ಆದರೆ ಸಂಜೆ ಮಾತಾಡಲು ಅವನಿಗೆ ಒಬ್ಬರಿದ್ದರು. ಆದ್ದರಿಂದ ಹೊರಡುವ ಮುನ್ನವೇ ಸಮಾಲೋಚಕರೊಂದಿಗೆ ಶಿಬಿರ ಮುಗಿದ ವಾರದಲ್ಲೇ ಒಂದು ಭೇಟಿಯನ್ನು ಗೊತ್ತುಮಾಡಿಕೊಳ್ಳಿ. ಮಕ್ಕಳನ್ನು ಕರೆತರಲು ಹೋದ ದಿನ ಮಗಳು ಯಾರ ಪಕ್ಕದಲ್ಲಿ ನಿಂತಿದ್ದಾಳೆ ಎಂದು ನೋಡಿ, ಅವಳನ್ನು ಕೇಳಿಕೊಂಡು, ಆ ಹುಡುಗಿಯ ಮನೆಯವರ ಫೋನ್ ಸಂಖ್ಯೆಯನ್ನು ಅಲ್ಲೇ ತೆಗೆದುಕೊಳ್ಳಿ.