ಪುಟ್ಟಿ, ಇವತ್ತು ರಾತ್ರಿಯ ಮಳೆ ಬಗ್ಗೆ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಕೆನಡಾದಲ್ಲಿ ನೀನಿರುವ ಮಿಸ್ಸಿಸಾಗಾ ಕಡೆ ರಾತ್ರಿ ಫ್ರೀಜಿಂಗ್ ರೇನ್ ವಾರ್ನಿಂಗ್ ಇದೆ, ಹಿಮ ಅಲ್ಲ, ಬರೀ ಮಳೆ ತಾನೇ ಅಂತ ಕೇಳಿದ್ದೀಯ. ಅತ್ತಿಗೆ, ಕರೆಂಟ್ ಹೋದರೆ ಪುಟ್ಟಿ ಒಂದು ಅಗ್ಗಿಷ್ಟಿಕೆ ಹಚ್ಚಿಕೊಳ್ಳಲಿ ಅಂತ ನೀವು ತೀರ್ಥಹಳ್ಳಿಯಿಂದ ಬರೆದಿದ್ದೀರಿ. ಅದನ್ನು ಓದಿ ನನಗೆ ಸುಮ್ನೆ ಕೂರಲು ಆಗಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಇಬ್ಬರೂ ಪೂರ್ತಿ ಕೇಳಿ.

ಹಿಮ ಬಿದ್ದರೆ ಗುಡಿಸಿ ಹಾಕಬಹುದು. ಇದು ಹಾಗಲ್ಲ. ಮೇಲೆ ಬೆಚ್ಚಗಿನ ಗಾಳಿ ಇರುತ್ತದೆ, ಅಲ್ಲಿ ಹಿಮ ಕರಗಿ ಮಳೆಯಾಗುತ್ತದೆ. ನೆಲದ ಹತ್ತಿರ ಮಾತ್ರ ಸೊನ್ನೆಗಿಂತ ಕೆಳಗೆ. ಹನಿ ನೀರಾಗಿಯೇ ಬೀಳುತ್ತದೆ, ಬಿದ್ದಲ್ಲೇ ಮಂಜುಗಡ್ಡೆ ಕಟ್ಟುತ್ತದೆ. ಕೊಂಬೆ, ತಂತಿ, ಮೆಟ್ಟಿಲು ಯಾವುದನ್ನೂ ಬಿಡುವುದಿಲ್ಲ.

2013ರ ಡಿಸೆಂಬರ್ 21, ಶನಿವಾರ ರಾತ್ರಿ. ನಾವು ಆಗ ಟೊರಾಂಟೊದ ಸ್ಕಾರ್ಬರೋದಲ್ಲಿದ್ದೆವು. ಮಲಗಿದ್ದಾಗ ಹೊರಗೆ ಕಿಣಿಕಿಣಿ ಸದ್ದು, ಯಾರೋ ಕೈತುಂಬ ಗಾಜಿನ ಬಳೆ ಹಾಕಿಕೊಂಡು ಓಡಾಡಿದ ಹಾಗೆ. ಕಿಟಕಿಯಿಂದ ನೋಡಿದರೆ ಮನೆ ಮುಂದಿನ ಮೇಪಲ್ ಮರದ ಒಂದೊಂದು ಕಡ್ಡಿಗೂ ಗಾಜಿನ ಕವಚ. ಚೆಂದವೇ ಇತ್ತು, ಇಲ್ಲ ಅನ್ನುವುದಿಲ್ಲ. ಆಮೇಲೆ ಪಟಾರ್ ಅಂತ ಒಂದು ಕೊಂಬೆ ಮುರಿಯಿತು. ಎದುರುಮನೆ ಕಡೆ ಇನ್ನೊಂದು. ಬೆಳಗಿನ ಜಾವದವರೆಗೂ ಬೀದಿಯುದ್ದಕ್ಕೂ ಅದೇ ಸದ್ದು. ಅಷ್ಟರಲ್ಲಿ ಕರೆಂಟ್ ಹೋಗಿತ್ತು. ಟೊರಾಂಟೊ ಒಂದರಲ್ಲೇ ಸುಮಾರು 3 ಲಕ್ಷ ಸಂಪರ್ಕ ಕಡಿದುಹೋಗಿತ್ತು ಅಂತ ಆಮೇಲೆ ಗೊತ್ತಾಯಿತು.

ಮನೆ ಬೆಚ್ಚಗಿಡುವ ಫರ್ನೇಸ್ ಗ್ಯಾಸ್‌ದೇ, ಆದರೂ ಗಾಳಿ ದೂಡುವ ಫ್ಯಾನ್‌ಗೆ ಕರೆಂಟ್ ಬೇಕಲ್ವಾ. ಸೋಮವಾರ ಸಂಜೆ ಹೊತ್ತಿಗೆ ಮನೆಯೊಳಗೇ ಬಾಯಿಂದ ಹಬೆ ಬರುತ್ತಿತ್ತು. ಊರಿಂದ ಬಂದಿದ್ದ ಮಾವನವರು ಎರಡು ಕಂಬಳಿ ಹೊದ್ದು ನಡುಗುತ್ತಿದ್ದರು. ನೋಡಲು ಆಗಲಿಲ್ಲ ನನಗೆ. ಹಿತ್ತಿಲ ಬಾರ್ಬೆಕ್ಯೂ ಒಲೆಯಲ್ಲಿ ಇದ್ದಿಲು ಹಚ್ಚಿ, ಕೆಂಡವನ್ನು ಕಬ್ಬಿಣದ ಬಾಣಲೆಗೆ ಸುರಿದು, ಅವರ ಕಾಲ ಹತ್ತಿರ ತಂದಿಟ್ಟೆ. ಬಾಣಂತಿ ಕೋಣೆಯಲ್ಲಿ ಅಮ್ಮ ಇಡುತ್ತಿದ್ದ ಹಾಗೆಯೇ. ಹೊಗೆ ಇಲ್ಲ, ವಾಸನೆ ಇಲ್ಲ. ಮಾವ ಕೈ ಚಾಚಿ ಕಾಯಿಸಿಕೊಂಡರು. ಸ್ವಲ್ಪ ಹೊತ್ತಿಗೆ ನನಗೆ ತಲೆ ಭಾರ. ಎರಡು ದಿನದ ನಿದ್ದೆಗೇಡು ಅಂದುಕೊಂಡೆ. ಆಗ ಗೋಡೆ ಮೇಲಿನ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿಕೊಂಡಿತು. ಕೆಂಡದಿಂದ ಬರುವ, ಕಣ್ಣಿಗೂ ಮೂಗಿಗೂ ಗೊತ್ತಾಗದ ವಿಷದ ಗಾಳಿ ಅದು. ಬ್ಯಾಟರಿ ಇತ್ತು, ಅದಕ್ಕೇ ಕೂಗಿತು. ನಿಮ್ಮ ಅಣ್ಣ ಬಾಣಲೆ ಎತ್ತಿ ಹೊರಗೆ ಎಸೆದು, ಬಾಗಿಲು ತೆರೆದು, ಎಲ್ಲರನ್ನೂ ಅಂಗಳಕ್ಕೆ ಎಳೆದುಕೊಂಡು ಹೋದರು. ಆ ಸಲ ಒಂಟಾರಿಯೋದಲ್ಲೂ ಕ್ವಿಬೆಕ್‌ನಲ್ಲೂ ಕಾರ್ಬನ್ ಮಾನಾಕ್ಸೈಡ್‌ನಿಂದ ಜನ ಸತ್ತರು. ಸುದ್ದಿ ಕೇಳಿದಾಗೆಲ್ಲ ನನ್ನ ಕೈ ತಣ್ಣಗಾಗುತ್ತಿತ್ತು.

ಅತ್ತಿಗೆ, ಊರಲ್ಲಿ ನಮ್ಮದು ಹೆಂಚಿನ ಮನೆ. ಸಂದಿಯಲ್ಲಿ ಗಾಳಿ ಆಡುತ್ತದೆ. ಇಲ್ಲಿನ ಮನೆ ಡಬ್ಬಿ ಮುಚ್ಚಳ ಹಾಕಿದ ಹಾಗೆ. ಇದ್ದಿಲು ಬೇಡ, ಗ್ಯಾರೇಜಿನಲ್ಲಿ ಜನರೇಟರ್ ಬೇಡ, ಅಲ್ಲಿ ಕಾರು ಸ್ಟಾರ್ಟ್ ಮಾಡಿ ಫೋನ್ ಚಾರ್ಜ್ ಮಾಡುವುದೂ ಬೇಡ.

ಪಕ್ಕದ ಮನೆ ಅಜ್ಜಿ 1998ರಲ್ಲಿ ಮಾಂಟ್ರಿಯಲ್ ಹತ್ತಿರ ಇದ್ದವರು. ಆಗ ಐದಾರು ದಿನ ಇದೇ ಮಳೆ. ಉಕ್ಕಿನ ಟವರುಗಳೇ ಸಾವಿರದಷ್ಟು ಮಡಚಿಕೊಂಡು ಬಿದ್ದಿದ್ದವು, ಕೆಲವರಿಗೆ ತಿಂಗಳಾದರೂ ಕರೆಂಟ್ ಇರಲಿಲ್ಲ. ಅವರೇ ನಮಗೆ ಹೇಳಿಕೊಟ್ಟರು. ಎಲ್ಲರೂ ಒಂದೇ ಕೋಣೆ ಸೇರಿ, ಬಾಗಿಲ ಸಂದಿಗೆ ಟವೆಲ್ ತುರುಕಿ. ಪೈಪ್ ಒಡೆಯದ ಹಾಗೆ ನಲ್ಲಿಯನ್ನು ಸಣ್ಣಗೆ ಹನಿಯಲು ಬಿಡಿ. ತೀರಾ ಚಳಿಯಾದರೆ ಸಿಟಿಯವರು ತೆರೆದ ಬೆಚ್ಚನೆ ಕೇಂದ್ರಕ್ಕೆ ಹೋಗಿ, ನಾಚಿಕೆ ಬೇಡ. ಮಾರನೇ ದಿನ ಮಾವನವರನ್ನು ಅಲ್ಲಿಗೇ ಕರೆದುಕೊಂಡು ಹೋದೆವು. ಬಿಸಿ ಸೂಪ್ ಕೊಟ್ಟರು, ಮಲಗಲು ಮಂಚ ಕೊಟ್ಟರು. ಬುಧವಾರ, ಕ್ರಿಸ್‌ಮಸ್ ದಿನ ಸಂಜೆ ನಮ್ಮ ಬೀದಿಗೆ ಲೈನ್‌ನವರು ಬಂದರು. ಹಬ್ಬದ ದಿನ ಮನೆಮಂದಿಯನ್ನು ಬಿಟ್ಟು, ಆ ಚಳಿಯಲ್ಲಿ ಕಂಬದ ಮೇಲೆ. ಅವರಿಗೆ ಫ್ಲಾಸ್ಕ್‌ನಲ್ಲಿ ಕಾಫಿ ಕೊಟ್ಟಾಗ ನನ್ನ ಕಣ್ಣು ತುಂಬಿತ್ತು.

ಪುಟ್ಟಿ, ನಾಳೆ ಬೆಳಿಗ್ಗೆ ಮರದ ಕೆಳಗೆ ನಡೆಯಬೇಡ, ತಂತಿ ಬಿದ್ದಿದ್ದರೆ ಹತ್ತಿರ ಸುಳಿಯಬೇಡ. ಫೋನ್ ಈಗಲೇ ಪೂರ್ತಿ ಚಾರ್ಜ್ ಮಾಡು. ನಿನ್ನ ಬೇಸ್‌ಮೆಂಟ್ ಗೋಡೆ ಮೇಲೂ ಅಂಥದೇ ಅಲಾರಂ ಇರಬೇಕು. ಅದರ ಟೆಸ್ಟ್ ಬಟನ್ ಒತ್ತು. ಕೂಗದಿದ್ದರೆ ಮಳೆ ಶುರುವಾಗುವ ಮುಂಚೆಯೇ ಹೋಗಿ ಬ್ಯಾಟರಿ ತಂದು ಹಾಕು. ಕೂಗಿತಾ ಇಲ್ಲವಾ ಅಂತ ಇಲ್ಲೇ ಬರೆ, ನಾನು ಕಾಯುತ್ತಿರುತ್ತೇನೆ.